ಗುಜರಿಗೆ ಬಿದ್ದ ವಿಕಿರಣ

ಅಣುತ್ಯಾಜ್ಯವೆಂದೊಡನೆ ಮಲೆನಾಡಿಗರ ಕಣ್ಣು ಕೈಗಾದತ್ತ ಹೊರಳುತ್ತದೆ. ಅದು ಸಹಜ. ಆದರೆ 2010ರಲ್ಲಿ ದೆಹಲಿಯಲ್ಲಿ ಬಡ ಕೂಲಿಯೊಬ್ಬನನ್ನು ಕೊಂದ ವಿಕಿರಣ ಅಣುಸ್ಥಾವರದಿಂದ ಬಂದುದಲ್ಲ, ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಿಂದ ಬಂದುದು.

ಕೆನಡಾದಿಂದ ತರಿಸಿದ ಗಾಮಾಸೆಲ್ ಯಂತ್ರವನ್ನು ದೆಹಲಿ ವಿಶ್ವವಿದ್ಯಾಲಯದಲ್ಲಿ 1985ರಿಂದ ಯಾರೂ ಬಳಸಿರಲಿಲ್ಲ. 2010ರ ಫೆಬ್ರವರಿಯಲ್ಲಿ ಅದನ್ನು ಹಳೆಯ ಸಾಮಾನೆಂದು ಹರಾಜು ಹಾಕಲಾಯಿತು. ಮಾಯಾಪುರಿಯ ಗುಜರಿ ಕಾರ್ಮಿಕರು ಸೀಸದ ಕವಚ ಕಿತ್ತರು, ಒಳಗಿದ್ದುದು ಕೋಬಾಲ್ಟ್-60. ಏಪ್ರಿಲ್‌ನಲ್ಲಿ ಒಬ್ಬ ಸತ್ತ, ಹಲವರು ಆಸ್ಪತ್ರೆ ಸೇರಿದರು. ಕೋಬಾಲ್ಟ್-60ರ ಶಕ್ತಿ ಸುಮಾರು ಐದೂಕಾಲು ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. ಯಂತ್ರ ಮೂಲೆ ಸೇರಿದಾಗ ಇದ್ದುದರ ಇಪ್ಪತ್ತೈದರಲ್ಲೊಂದು ಪಾಲಷ್ಟೇ ಉಳಿದಿದ್ದೀತು. ಕೊಲ್ಲಲು ಅಷ್ಟು ಸಾಕಾಯಿತು.

ಇದನ್ನು ಅಜ್ಞಾನವೆಂದು ಕ್ಷಮಿಸಲಾಗದು. ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಹುಟ್ಟಿದ್ದು 1983ರಲ್ಲಿ, ವಿಕಿರಣಶೀಲ ತ್ಯಾಜ್ಯ ವಿಲೇವಾರಿಯ ನಿಯಮಗಳು ಬಂದದ್ದು 1987ರಲ್ಲಿ. ವಿದ್ವಾಂಸರಿದ್ದ ವಿಭಾಗದಲ್ಲಿ ಇಲ್ಲದಿದ್ದುದು ಲೆಕ್ಕ ಮಾತ್ರ.

ಲೆಕ್ಕವಾದರೂ ಎಂಥದು? ಗೊಬ್ಬರ ಬೇರಿನಿಂದ ಎಲೆಗೇರುವ ದಾರಿ ಹಿಡಿಯಲು ಕೃಷಿ ಪ್ರಯೋಗಾಲಯಗಳು ಬಳಸುವ ರಂಜಕ-32ರ ಅರ್ಧಾಯುಷ್ಯ 14 ದಿನ. ಅಕ್ರಿಲಿಕ್ ಫಲಕದ ಮರೆಯಲ್ಲಿ ಐದು ತಿಂಗಳು ಕೂಡಿಟ್ಟರೆ ಸಾವಿರದಲ್ಲೊಂದು ಪಾಲಿಗಿಳಿಯುತ್ತದೆ. ಇಂಗಾಲ-14ಕ್ಕೆ ಅರ್ಧಕ್ಕಿಳಿಯಲು 5,730 ವರ್ಷ ಬೇಕು. ಎರಡನ್ನೂ ಒಂದೇ ಡಬ್ಬಿಗೆ ಸುರಿದರೆ ಕಾಯುವುದೇ ವ್ಯರ್ಥ. ಬೇರೆ ಡಬ್ಬಿ, ಹೆಸರು-ದಿನಾಂಕದ ಚೀಟಿ, ದಾಖಲೆ ಪುಸ್ತಕ: ಇಷ್ಟಕ್ಕೆ ಅನುದಾನದ ನೆಪ ಹೇಳುವವರ ಕೈಗೆ ಐಸೊಟೋಪು ಕೊಡಲೇಬಾರದು.

ಸರ್ಕಾರಿ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಲಿ: ಎಷ್ಟು ಮೂಲಗಳು ಬಂದವು, ಎಷ್ಟು ಹಿಂದಿರುಗಿದವು, ಉಳಿದವು ಯಾವ ಕೋಣೆಯಲ್ಲಿವೆ, ಕೀಲಿ ಯಾರ ಬಳಿಯಿದೆ?