ಮೂತ್ರಪರೀಕ್ಷೆಯೂ ಎಳನೀರೂ



ಮೂತ್ರದ ಮಾದರಿಯೊಂದರಿಂದಲೇ ಮೂತ್ರಕೋಶದ ಕ್ಯಾನ್ಸರನ್ನು ಆರಂಭದಲ್ಲಿ ಪತ್ತೆ ಹಚ್ಚಬಹುದೆಂಬ ಜಾಹೀರಾತನ್ನು ನಿಮ್ಮಲ್ಲಿ ಕೆಲವರು ಕಳಿಸಿ, "ಸರ್, ಮನೆಯ ಹಿರಿಯರಿಗೆಲ್ಲ ಮಾಡಿಸೋಣವೇ?" ಎಂದು ಕೇಳಿದ್ದೀರಿ. ಯಾವ ಲಕ್ಷಣವೂ ಇಲ್ಲದವರಿಗೆ ಬೇಡ ಎಂಬುದೇ ನನ್ನ ಉತ್ತರ. ನಾನು ವೈದ್ಯನಲ್ಲ, ಆದರೆ ಇದರಲ್ಲಿ ಅರ್ಧ ಭಾಗ ಹೈಸ್ಕೂಲಿನ ಶೇಕಡಾ ಲೆಕ್ಕ.

ಅಂಥ 1000 ಜನರಲ್ಲಿ ಒಬ್ಬರಿಗೆ ರೋಗವಿದೆಯೆಂದು ಭಾವಿಸಿರಿ. ಪರೀಕ್ಷೆಯು ರೋಗವಿರುವವರಲ್ಲಿಯೂ ಇಲ್ಲದವರಲ್ಲಿಯೂ ಶೇಕಡಾ 90ರಷ್ಟು ಸರಿಯೆನ್ನೋಣ. ಆ ಒಬ್ಬರು ಬಹುಶಃ ಸಿಕ್ಕಾರು. ಉಳಿದ 999 ಮಂದಿಯಲ್ಲಿ ಸುಮಾರು 100 ಮಂದಿಗೆ ಇಲ್ಲದ ರೋಗ 'ಇದೆ' ಎಂಬ ವರದಿ ಬರುತ್ತದೆ! ಮಾರುವವನು 90ನ್ನು ಹೇಳುತ್ತಾನೆ, ಈ 100ನ್ನು ಹೇಳುವುದಿಲ್ಲ. ಆ ನೂರು ಮನೆಗಳ ನಿದ್ರೆಗೆ ಬೆಲೆ ಕಟ್ಟುವವರಾರು? ಇಂಥ ಸಾಮೂಹಿಕ ತಪಾಸಣೆಯಿಂದ ಲಾಭವೋ ಹಾನಿಯೋ ಎಂದು ನಿರ್ಣಯಿಸಲು ಪುರಾವೆ ಸಾಲದೆಂದು ಅಮೆರಿಕದ ರೋಗತಡೆ ಸೇವೆಗಳ ಕಾರ್ಯಪಡೆಯೇ 2011ರಲ್ಲಿ ಹೇಳಿತು.

ಮೂತ್ರಪರೀಕ್ಷೆಯನ್ನು ನಾನು ಹೀಗಳೆಯುತ್ತಿಲ್ಲ. ಮೂತ್ರದಲ್ಲಿ ಉದುರಿಬಂದ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಕ್ಯಾನ್ಸರನ್ನು ಗುರುತಿಸುವ ಕ್ರಮವನ್ನು ಪಾಪನಿಕೊಲಾವ್ ಮತ್ತು ಮಾರ್ಷಲ್ 1945ರಲ್ಲಿಯೇ ಪ್ರಕಟಿಸಿದ್ದರು. ಉಗ್ರ ಗಡ್ಡೆಯ ಕೋಶಗಳು ವಿಕಾರವಾಗಿರುವುದರಿಂದ ಸಿಕ್ಕಿಬೀಳುತ್ತವೆ. ಸೌಮ್ಯ ಗಡ್ಡೆಯವು ಆರೋಗ್ಯವಂತ ಕೋಶಗಳನ್ನೇ ಹೋಲುವುದರಿಂದ ಅನೇಕ ವೇಳೆ ನುಣುಚಿಕೊಳ್ಳುತ್ತವೆ. ಆದ್ದರಿಂದ ಕಣ್ಣಿಗೆ ಕಾಣುವಂತೆ ರಕ್ತ ಹೋದವರಿಗೆ, ಕೊಳವೆಯಂಥ ದರ್ಶಕವನ್ನು ಒಳಗಿಳಿಸಿ ನೋಡುವ ಸಿಸ್ಟೊಸ್ಕೋಪಿಯ ಬದಲಿಗೆ 'ನಾರ್ಮಲ್' ಎಂಬ ಕಾಗದ ಸಾಲದು.

ನನಗೆ ನಿಜವಾಗಿ ಸಿಟ್ಟು ಬರುವುದು ಬೇರೆಯದಕ್ಕೆ. ನೋವಿಲ್ಲದೆ ಮೂತ್ರದಲ್ಲಿ ರಕ್ತ ಹೋಗುವುದು ಈ ರೋಗದ ಅತಿ ಸಾಮಾನ್ಯ ಲಕ್ಷಣ. ಅದು ಒಮ್ಮೆ ಕಂಡು ತಾನಾಗಿಯೇ ನಿಂತುಬಿಡಲೂಬಹುದು. ಇದನ್ನು ತಿಳಿಯಲು ಒಂದು ಕಾಸೂ ಬೇಡ. ನಾವಾದರೋ 'ಉಷ್ಣವಾಗಿದೆ' ಎಂದು ಎಳನೀರು, ಬಾರ್ಲಿ ನೀರು ಕುಡಿಸುತ್ತೇವೆ. ಮರುದಿನ ರಕ್ತ ನಿಂತರೆ ಕೀರ್ತಿಯೆಲ್ಲ ಎಳನೀರಿಗೆ! ಹೆಂಗಸರ ಪಾಡು ಇನ್ನೂ ಕಷ್ಟ. ಸೋಂಕೆಂದು ಮಾತ್ರೆಯ ಮೇಲೆ ಮಾತ್ರೆ ನುಂಗಿ, ರೋಗ ತಿಳಿಯುವಷ್ಟರಲ್ಲಿ ತಡವಾಗಿರುತ್ತದೆ. ಸಾವಿರಾರು ರೂಪಾಯಿಯ ಪ್ಯಾಕೇಜನ್ನು ಹುಡುಕುವ ಮಕ್ಕಳು, ನಲವತ್ತು ವರ್ಷ ಬೀಡಿ ಸೇದಿದ ತಂದೆಯನ್ನು "ಮೂತ್ರದ ಬಣ್ಣ ಹೇಗಿದೆ ಅಪ್ಪಾ?" ಎಂದು ಕೇಳಲು ನಾಚುತ್ತಾರೆ. ಈ ಕ್ಯಾನ್ಸರಿಗೆ ಧೂಮಪಾನವೇ ಅತಿದೊಡ್ಡ ಕಾರಣವೆಂಬುದು ಅವರಿಗೆ ಗೊತ್ತಿರುವುದಿಲ್ಲ.

ರಕ್ತ ಕಂಡ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ನಿಂತಿದ್ದರೂ ಸರಿಯೇ, ಅದೇ ವಾರ ಮೂತ್ರರೋಗ ತಜ್ಞರನ್ನು ಕಾಣಿರಿ. ಅವರು ಬರೆದುಕೊಟ್ಟ ಮೂತ್ರಪರೀಕ್ಷೆಯನ್ನು ಆಗ ಧಾರಾಳವಾಗಿ ಮಾಡಿಸಿರಿ.