ಚೀನಾ ಪಿಯಾನೋ, ಜರ್ಮನ್ ಹೆಸರು, ನಮ್ಮ ಕಾಳುಮೆಣಸು

ಮಗಳಿಗೊಂದು ಪಿಯಾನೋ ತಗೊಳ್ಳೋಣ ಅಂತ ಹೊರಟಾಗಿನಿಂದ ಎಲ್ಲರದ್ದೂ ಒಂದೇ ರಾಗ. "ಚೀನಾದ್ದು ಮಾತ್ರ ಬೇಡ ಮಾರಾಯ್ರೆ!" ಹೇಳುವವರ ಜೇಬಲ್ಲಿ ಚೀನಾ ಫೋನು, ತೋಟದಲ್ಲಿ ಚೀನಾದ ಕಳೆ ಹೊಡೆಯೋ ಮೆಷಿನ್ನು. 2020ರಲ್ಲಿ ಗಲ್ವಾನ್ ಕಣಿವೆಯಲ್ಲಿ ನಮ್ಮ 20 ಸೈನಿಕರು ಪ್ರಾಣ ಕೊಟ್ಟರು. ಆ ಸಿಟ್ಟಿಗೆ ಬೇಡ ಅನ್ನುವವರ ಜೊತೆ ನನ್ನ ಜಗಳ ಇಲ್ಲ (ಫೋನನ್ನೂ ಬಿಟ್ಟಿದ್ದರೆ!). ಆದರೆ 'ಚೀನಾ ಅಂದ್ರೆ ಕಳಪೆ' ಅನ್ನೋದಿದೆಯಲ್ಲ, ಅದನ್ನು ಒಪ್ಪಲಾರೆ.

ಗ್ವಾಂಗ್‌ಝೌನ ಪರ್ಲ್ ರಿವರ್ ಕಂಪನಿ 1956ರಿಂದ ಪಿಯಾನೋ ಮಾಡುತ್ತಿದೆ. ಸ್ಟೈನ್‌ವೇಯವರು ತಮ್ಮ ಅಗ್ಗದ 'ಎಸೆಕ್ಸ್' ಪಿಯಾನೋಗಳನ್ನು ಮಾಡಿಸಿದ್ದು ಅಲ್ಲೇ. ಯಮಾಹಾಗೂ ಹಾಂಗ್‌ಝೌನಲ್ಲಿ ಕಾರ್ಖಾನೆ ಇದೆ. ಕಳಪೆ ಮಾಲೂ ಬರುತ್ತೆ, ಇಲ್ಲ ಅನ್ನಲ್ಲ. ಪಿಯಾನೋ ಒಳಗೆ 200ಕ್ಕೂ ಹೆಚ್ಚು ತಂತಿ, ಎಲ್ಲ ಸೇರಿ ಎಳೆಯೋದು ಹದಿನೈದು ಟನ್ನಿಗೂ ಮೀರಿದ ಭಾರ. ಮರ ಸರಿಯಾಗಿ ಒಣಗಿಸದಿದ್ದರೆ ಶ್ರುತಿ ನಿಲ್ಲೋದಿಲ್ಲ. ಅದರ ಮೇಲೆ ಮೂಡಿಗೆರೆ ಮಳೆ! ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನಲ್ಲಿಟ್ಟ ಬಟ್ಟೆಗೇ ಬೂಷ್ಟು ಹಿಡಿಯುವ ಊರಲ್ಲಿ ಮರ, ಉಣ್ಣೆ, ಕಬ್ಬಿಣ ಎಲ್ಲ ಇರೋ ಪೆಟ್ಟಿಗೆ ಏನಾಗಬೇಕು? ಕೀಲಿಗಳು ಊದಿ ಸಿಕ್ಕಿಕೊಳ್ತವೆ, ತಂತಿ ತುಕ್ಕು ಹಿಡಿಯುತ್ತೆ. ಜರ್ಮನಿಯಿಂದ ತಂದರೂ ಅಷ್ಟೇ.

ನನ್ನ ಸಿಟ್ಟೇ ಬೇರೆ. ಬೆಂಗಳೂರಿನ ಒಂದು ಅಂಗಡಿಯಲ್ಲಿ ಬಂಗಾರದ ಅಕ್ಷರದ ಜರ್ಮನ್ ಹೆಸರಿದ್ದ ಪಿಯಾನೋ ತೋರಿಸಿದರು. ಎಲ್ಲಿ ತಯಾರಾಗಿದ್ದು ಅಂದೆ. "ಟೆಕ್ನಾಲಜಿ ಜರ್ಮನಿದು ಸಾರ್." ಮೂರು ಸಲ ಕೇಳಿದೆ, ಮೂರು ಸಲವೂ ಟೆಕ್ನಾಲಜಿ! ಹಿಂದಿನ ಹಲಗೆ ಮೇಲೆ ಸಣ್ಣದಾಗಿ 'ಚೀನಾ' ಅಂತಿತ್ತು. ಚೀನಾ ಕಂಪನಿಗಳು ಹಳೇ ಯುರೋಪಿನ ಹೆಸರುಗಳನ್ನು ದುಡ್ಡು ಕೊಟ್ಟು ಕೊಂಡಿರೋದು ಗುಟ್ಟೇನಲ್ಲ, ಅದು ವ್ಯಾಪಾರ. ಕೇಳಿದರೂ ಬಾಯಿಬಿಡದೆ ಮಾರೋದು ವ್ಯಾಪಾರವಲ್ಲ.

ಕಾಳುಮೆಣಸಿನ ವಿಷಯದಲ್ಲಿ ನಾವು ಕೂಗಿದ್ದೂ ಇದನ್ನೇ ಅಲ್ವಾ? ವಿಯೆಟ್ನಾಂ ಮೆಣಸು ಶ್ರೀಲಂಕಾದ ಸರ್ಟಿಫಿಕೇಟು ಹೊತ್ತು ಕಡಿಮೆ ಸುಂಕದಲ್ಲಿ ಒಳಗೆ ಬರ್ತಿದೆ ಅಂತ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಆಮದು ಮೆಣಸಿಗೆ ಕೆಜಿಗೆ 500 ರೂಪಾಯಿ ಕನಿಷ್ಠ ಬೆಲೆ ಕಟ್ಟಿತು. ವಿಯೆಟ್ನಾಂ ರೈತ ಕೆಟ್ಟವನು ಅಂತ ಯಾರೂ ಹೇಳಲಿಲ್ಲ, ಊರು ಮುಚ್ಚಿಟ್ಟು ಮಾರಬೇಡಿ ಅಂದೆವು. ನಮ್ಮ ಕಾಫಿಯ ಕಥೆ ಕೇಳಿ. ಬಹುಪಾಲು ಹೊರದೇಶಕ್ಕೆ, ಅದರಲ್ಲೂ ಇಟಲಿಗೆ ಹೋಗುತ್ತೆ. ಅಲ್ಲಿ ಬೇರೆ ಬೀಜಗಳ ಜೊತೆ ಬೆರೆತು 'ಇಟಾಲಿಯನ್' ಎಸ್ಪ್ರೆಸೋ ಆಗುತ್ತೆ! 2019ರಲ್ಲಿ ಚಿಕ್ಕಮಗಳೂರು ಅರೇಬಿಕಾಕ್ಕೆ ಜಿಐ ಟ್ಯಾಗ್ ಸಿಕ್ಕಾಗ ಹಿಗ್ಗಿದ್ದು ಆ ಹೆಸರಿಗಾಗಿಯೇ.

ಕೆಲಸಗಾರರ ಪ್ರಶ್ನೆ ನಿಜಕ್ಕೂ ಚುಚ್ಚುತ್ತೆ. ಚೀನಾದಲ್ಲಿ ಸರ್ಕಾರಿ ಒಕ್ಕೂಟದ ಹೊರಗೆ ಯೂನಿಯನ್ ಕಟ್ಟುವ ಹಾಗಿಲ್ಲ. ಇದನ್ನು ನನಗೆ ನೆನಪಿಸಿದ ಪ್ಲಾಂಟರ್ ಸ್ನೇಹಿತರಿಗೆ, ಹಣ್ಣು ಕೊಯ್ಯಲು ಅಸ್ಸಾಮಿನಿಂದ ಬಂದವರ ಲೈನ್ ಮನೆಗೆ ಕಕ್ಕಸು ಇದೆಯಾ ಅಂತ ಕೇಳಿದೆ. ಮಾತು ಮಳೆಯ ಕಡೆ ತಿರುಗಿತು :)

ಮುಂದಿನ ವಾರ ಇನ್ನೊಂದು ಅಂಗಡಿಗೆ ಹೋಗ್ತಿದ್ದೇನೆ. ಚೀನಾ ಹೆಸರನ್ನೇ ಹೊತ್ತ ಪಿಯಾನೋ ಇದೆಯಂತೆ, ನುಡಿಸಿ ನೋಡಬೇಕು. ನಿಮ್ಮಲ್ಲಿ ಯಾರಾದರೂ ಮಲೆನಾಡಲ್ಲಿ ಪಿಯಾನೋ ಇಟ್ಟುಕೊಂಡವರಿದ್ದರೆ, ಥಂಡಿಗೆ ಅಂತ ಒಳಗೆ ಬಲ್ಬು ಉರಿಸಿಡೋದು ಒಳ್ಳೇದಾ ಅಂತ ದಯವಿಟ್ಟು ತಿಳಿಸಿ.