ಗಿಡದ ಜೊತೆ ಒಂದು ಮಾತನ್ನೂ ಕೊಡಿ

ನಮ್ಮ ಬಾಲ್ಕನಿಯಲ್ಲಿ ದೊಡ್ಡಪತ್ರೆ, ಒಂದೆಲಗದ ಪಕ್ಕ ಈಗ ಸ್ಟೀವಿಯಾ ಕೂಡ ಬಂದು ಕೂತಿದೆ. ಪರಾಗ್ವೆ ದೇಶದ ಈ ಗಿಡದ ಬೀಜ ಸುಲಭಕ್ಕೆ ಮೊಳೆಯೋದಿಲ್ಲ. ಎಳೆ ಕಡ್ಡಿ ನೆಟ್ಟರೆ ಬೇರು ಬಿಡುತ್ತೆ. ಕುಂಡದಲ್ಲಿ ನೀರು ನಿಲ್ಲಬಾರದು. ಮೊಗ್ಗು ಕಂಡ ಕೂಡಲೇ ಚಿವುಟಿಬಿಡಿ, ಹೂ ಬಿಟ್ಟರೆ ಎಲೆಯ ಸಿಹಿ ಕಡಿಮೆಯಾಗುತ್ತೆ. ಟೀ ಕುದಿಸುವಾಗ ಒಂದೆರಡು ಎಲೆ ಸಾಕು.

ಕಳೆದ ವರ್ಷ ಪಕ್ಕದ ಮನೆ ಆಂಟಿಗೆ ನಾನೇ ಒಂದು ಕಡ್ಡಿ ಕೊಟ್ಟಿದ್ದೆ. ‘ಇದು ಸಕ್ಕರೆ ಕಾಯಿಲೆಗೆ ಔಷಧ ಅಲ್ವೇನಮ್ಮಾ?’ ಅಂದುಕೊಂಡು ಅವರು ಮಾತ್ರೆ ನಿಲ್ಲಿಸಿಬಿಟ್ಟರು! ಶುಗರ್ ಏರಿ ಆಸ್ಪತ್ರೆಗೆ ಓಡಬೇಕಾಯಿತು. ತಪ್ಪು ಅವರದಲ್ಲ, ಗಿಡ ಕೊಟ್ಟು ಸುಮ್ಮನಿದ್ದ ನನ್ನದು. ಸ್ಟೀವಿಯಾ ಸಕ್ಕರೆಯ ಬದಲಿಗೆ ಸರಿ, ಮಾತ್ರೆಯ ಬದಲಿಗಲ್ಲ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಅನುಮತಿ ಕೊಟ್ಟಿದ್ದೂ ಎಲೆಯಿಂದ ತೆಗೆದು ಶುದ್ಧೀಕರಿಸಿದ ಸಿಹಿ ಅಂಶಕ್ಕೆ, ಅದೂ ಸಿಹಿಕಾರಕವಾಗಿ.

ಈಗ ಯಾರಿಗೆ ಕೊಟ್ಟರೂ ಕುಂಡಕ್ಕೊಂದು ಚೀಟಿ ಅಂಟಿಸ್ತೀನಿ: ಗಿಡದ ಹೆಸರು, ಎಷ್ಟು ಎಲೆ, ‘ಡಾಕ್ಟರನ್ನು ಕೇಳದೆ ಮಾತ್ರೆ ಬಿಡಬೇಡಿ’. ದೊಡ್ಡಪತ್ರೆಗೆ ಮಾತ್ರ ಚೀಟಿ ಇಲ್ಲ. ತಂಬುಳಿ ಮಾಡಿದ ದಿನ ನನ್ನನ್ನೂ ಕರೀರಿ ಅಂತೀನಿ, ಅಷ್ಟೆ.